ಕೆಂಡದ ಮಡಕೆಯೂ ಬಾಡಿಗೆಯ ಕೋಣೆಯೂ

ನಾನು ಮನೆ ಬಿಟ್ಟದ್ದು ಜಗಳವಾಡಿಯಲ್ಲ, ವೈರಾಗ್ಯ ಬಂದೂ ಅಲ್ಲ. ಬಸ್ಸಿನ ದೆಸೆಯಿಂದ. ಶೀಳನೆರೆ ಕಡೆಯ ನಮ್ಮ ಹಳ್ಳಿಯಿಂದ ಕೃಷ್ಣರಾಜಪೇಟೆಗೆ ಹೋಗುವ ಬೆಳಗಿನ ಬಸ್ಸು ಅರವತ್ತರ ದಶಕದಲ್ಲಿ ದೇವರ ಹಾಗೆ ಇತ್ತು. ಇದೆಯೆಂದು ಎಲ್ಲರೂ ಹೇಳುತ್ತಿದ್ದರು, ಕಂಡವರು ಕಡಿಮೆ. ಪೇಟೆಯ ಕಚೇರಿಯೊಂದರಲ್ಲಿ ನನಗೆ ಹೊಸದಾಗಿ ಗುಮಾಸ್ತಿಕೆ ಸಿಕ್ಕಿತ್ತು. ಅಲ್ಲಿನ ಹೆಡ್ ಗುಮಾಸ್ತರಾದರೋ ಆ ಬಸ್ಸಿನ ಅಸ್ತಿತ್ವದಲ್ಲಿ ಅಚಲ ಭಕ್ತಿಯಿದ್ದವರು. ಬರಲಿಲ್ಲವೆಂದರೆ ನನ್ನನ್ನು ಪಾಷಂಡಿಯಂತೆ ನೋಡುತ್ತಿದ್ದರು.

ಇನ್ನೊಂದು ಕಾರಣವೂ ಇತ್ತು. ಹುಟ್ಟಿದಾಗಿನಿಂದ ನಾನು ಒಬ್ಬನೇ ಇದ್ದವನಲ್ಲ. ನಮ್ಮದು ತುಂಬಿದ ಮನೆ. ನಡುಮನೆಯಲ್ಲಿ ಸಾಲಾಗಿ ಮಲಗಿದಾಗ ಮಧ್ಯದವನು ಮಗ್ಗುಲು ಬದಲಿಸಬೇಕಾದರೆ ಎರಡೂ ಕಡೆಯವರ ಒಪ್ಪಿಗೆ ಬೇಕಿತ್ತು. ಸುತ್ತ ಯಾರೂ ಇಲ್ಲದಿದ್ದರೆ ಮನುಷ್ಯನಿಗೆ ಹೇಗನ್ನಿಸುತ್ತದೆಂದು ಒಮ್ಮೆಯಾದರೂ ನೋಡಬೇಕೆಂಬ ಹಂಬಲ ನನಗೆ ಬಂದುಬಿಟ್ಟಿತ್ತು. ನಮ್ಮ ವಂಶದಲ್ಲಿ ಇಂಥ ಕಾಯಿಲೆ ಅದುವರೆಗೆ ಯಾರಿಗೂ ಬಂದಿರಲಿಲ್ಲ.

ಪೇಟೆಯಲ್ಲಿ ಕಡಲೆಪುರಿ ಮಾರುವ ಹೆಂಗಸೊಬ್ಬಳ ಅಂಗಡಿಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಆಕೆ ವಿಧವೆ, ಗಟ್ಟಿಗಿತ್ತಿ. ಪುರಿ ಅಳೆಯುತ್ತಲೇ ನನ್ನನ್ನೂ ಅಳೆದಳು.

"ಮದ್ವೆ ಆಗಿದ್ದೀಯಾ?"

"ಇಲ್ಲ."

"ಕುಡೀತೀಯಾ?"

"ಇಲ್ಲ."

"ಇಸ್ಪೀಟು?"

"ಇಲ್ಲ."

"ಮತ್ತೆ ಒಬ್ನೇ ಇದ್ಕಂಡು ಏನ್ ಮಾಡ್ತೀಯಪ್ಪ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವನು ನಿರುಪದ್ರವಿ ಎಂದು ಆಕೆ ತೀರ್ಮಾನಿಸಿರಬೇಕು, ಕೋಣೆ ಕೊಟ್ಟಳು. ಆದರೆ ಒಂದು ಷರತ್ತು. "ಕಟ್ಟಿಸ್ಕಂಡ ಮನೆ ಆಗ್ಲಿ, ಬಾಡಿಗೆ ಮನೆ ಆಗ್ಲಿ, ಆಲು ಉಕ್ಕಿಸ್ದೆ ಒಳಗೆ ಮಲಗಂಗಿಲ್ಲ. ಆಮೇಲೆ ಏನಾರ ಆದ್ರೆ ನನ್ನ ಗೋಡೆಗೆ ಕೆಟ್ಟೆಸ್ರು."

ಗೋಡೆಯ ಕೀರ್ತಿಗೆ ಧಕ್ಕೆ ತರಲು ನಾನ್ಯಾರು? ಸಂತೆಯಲ್ಲಿ ಒಂದು ಇದ್ದಲು ಒಲೆ ತಂದೆ. ಆಕೆಯೇ ಹಾಲಿಟ್ಟಳು, ಅರಿಸಿನ ಕುಂಕುಮ ಹಚ್ಚಿದಳು. ಹಾಲು ಪೂರ್ವಕ್ಕೆ ಉಕ್ಕಿತು. "ಶುಭ!" ಎಂದಳು. ಒಲೆಯೇ ಪೂರ್ವಕ್ಕೆ ವಾಲಿದ್ದನ್ನು ನಾನು ಎತ್ತಿ ಹೇಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ನಮ್ಮೂರಿನ ಕುರಿ ವ್ಯಾಪಾರಿಯೊಬ್ಬ ಪುರಿ ಕೊಳ್ಳಲು ಅಂಗಡಿಗೆ ಬಂದವನು, ಹಿತ್ತಲ ಬಾಗಿಲಿನಿಂದ ಈ ಮಂಗಳಕಾರ್ಯವನ್ನು ಕಣ್ತುಂಬ ನೋಡಿಕೊಂಡು ಹೋದ.

ಇಲ್ಲಿ ನಮ್ಮ ಕಡೆಯ ಒಂದು ಧರ್ಮಸೂಕ್ಷ್ಮವನ್ನು ಹೇಳಬೇಕು. ಗಂಡುಮಗ ಎಲ್ಲಿ ಬೇಕಾದರೂ ಹೋಗಬಹುದು, ಹೋಟೆಲಿನಲ್ಲಿ ಉಣ್ಣಬಹುದು, ಛತ್ರದಲ್ಲಿ ಬೀಳಬಹುದು. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅವನು ಬೇರೆ ಒಲೆ ಹೂಡಿದನೆಂದರೆ ಭಾಗ ಕೇಳಿದನೆಂದೇ ಅರ್ಥ. ಒಲೆ ಒಂದಿದ್ದರೆ ಮನೆ ಒಂದು, ಒಲೆ ಎರಡಾದರೆ ಮನೆ ಎರಡು. ನಾನು ಒಲೆ ಹೂಡಿದ್ದಲ್ಲದೆ ಅದರ ಮೇಲೆ ಹಾಲನ್ನೂ ಉಕ್ಕಿಸಿದ್ದೆ. ಅಂದರೆ ಡಂಗುರ ಹೊಡೆಸಿದ ಹಾಗೆ.

ಭಾನುವಾರ ಊರಿಗೆ ಹೋದಾಗ ಜಗುಲಿಯ ಮೇಲೆ ಮನೆಯ ಪಾತ್ರೆಗಳೆಲ್ಲ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಊರಿನ ಇಬ್ಬರು ಹಿರಿಯರು, ಅವರ ನಡುವೆ ದೊಡ್ಡಪ್ಪ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಅಂದಿನಿಂದ ಮನೆಯ ಯಜಮಾನಿಕೆ ದೊಡ್ಡಪ್ಪನದು. ಅವರು ನ್ಯಾಯವಂತರು, ಅಂದರೆ ಎದುರಿಗಿರುವವನು ಬಾಯಿ ಬಿಡುವ ಮೊದಲೇ ತೀರ್ಪು ಕೊಟ್ಟು ಮುಗಿಸುವವರು.

"ಬಾರಪ್ಪ, ಬಾ. ಕುಂತ್ಕೋ. ಏನೇನ್ ಬೇಕೋ ಯೋಳು."

"ಏನ್ ಬೇಕು, ದೊಡ್ಡಪ್ಪ?"

"ನಿನ್ನ ಭಾಗ್ದಲ್ಲಿ. ಗದ್ದೆ ಆಮೇಲೆ ಅಳೆಸ್ವ. ಮೊದ್ಲು ಪಾತ್ರೆ."

"ನಾನೆಲ್ಲಿ ಭಾಗ ಕೇಳ್ದೆ?"

"ಬಾಯಲ್ಲಿ ಕೇಳ್ನಿಲ್ಲ ಕಣ್ಲಾ, ಒಲೇಲಿ ಕೇಳ್ದೆ. ಆಲು ಬೇರೆ ಉಕ್ಕಿಸ್ಬುಟ್ಟಿದ್ದೀಯ. ಯಾವ ಕಡೀಕೆ ಉಕ್ತು?"

"ಪೂರ್ವಕ್ಕೆ."

ದೊಡ್ಡಪ್ಪ ಹಿರಿಯರ ಕಡೆ ತಿರುಗಿದರು. "ನೋಡ್ರಪ್ಪ, ದಿಕ್ಕೂ ನೋಡ್ಕಂಡವ್ನೆ!"

ಕೊಳಗ, ತಪ್ಪಲೆ, ಚೊಂಬುಗಳು ಸಲೀಸಾಗಿ ಭಾಗವಾದವು. ಮೀಯುವ ನೀರು ಕಾಯಿಸುವ ತಾಮ್ರದ ಹಂಡೆ ಮಾತ್ರ ಒಂದೇ ಇತ್ತು. ಒಬ್ಬ ಹಿರಿಯರು ಬಹಳ ಯೋಚಿಸಿ, "ಮೂರು ದಿನ ಅಲ್ಲಿರ್ಲಿ, ಮೂರು ದಿನ ಇಲ್ಲಿರ್ಲಿ" ಎಂದರು.

"ಏಳ್ನೇ ದಿನ?" ಎಂದರು ದೊಡ್ಡಪ್ಪ.

"ಅವತ್ತು ಯಾರೂ ಮೀಯೋದು ಬ್ಯಾಡ."

ನಾನು ನಗುವುದರಲ್ಲಿದ್ದೆ. ಅಷ್ಟರಲ್ಲಿ ದೊಡ್ಡಪ್ಪ, "ನಿಮ್ಮವ್ವ ನಿನ್ನ ಭಾಗಕ್ಕೆ ಬತ್ತಾಳೆ" ಎಂದರು. ಅವ್ವ ಮದುವೆಯಾಗಿ ಬಂದಾಗಿನಿಂದ ಆ ಅಡಿಗೆಮನೆ ಅವಳದು. ಓರಗಿತ್ತಿಯೊಡನೆ ದಿನಾ ಜಗಳ, ದಿನಾ ರಾಜಿ. ಕೊಟ್ಟಿಗೆಯ ಎಮ್ಮೆ ಅವಳ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡುತ್ತಿರಲಿಲ್ಲ. ನಾನು ಕೋಣೆ ಬಿಟ್ಟು ಮತ್ತೆ ಬಸ್ಸಿನ ಧ್ಯಾನಕ್ಕೆ ಕೂರಬೇಕು, ಇಲ್ಲವೆ ಅವ್ವನನ್ನು ಬೇರುಸಹಿತ ಕಿತ್ತುಕೊಂಡು ಹೋಗಿ ಪುರಿಯಂಗಡಿಯ ಹಿಂದೆ ನೆಡಬೇಕು. ಮೂರನೆಯ ದಾರಿ ನನಗೆ ಕಾಣಲಿಲ್ಲ.

ಅಡಿಗೆಮನೆಯೊಳಗೆ ರಾಗಿ ಬೀಸುವ ಸದ್ದು ನಿಂತಿತು. ಬಾಗಿಲ ಮರೆಯಿಂದ ಅವ್ವ ಕೇಳಿದಳು: "ಆ ಬೆಂಕಿಪೊಟ್ಣದಲ್ಲಿ ಓಗಿ ಕುಂತ್ಕಳಕ್ಕೆ ನಾನೇನು ಕಡ್ಡಿಯಾ?"

ಭಾವನ ಎದುರು ಅವಳು ಇಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹಿರಿಯರು ನೆಟ್ಟಗೆ ಕೂತರು.

"ಬ್ಯಾರೆ ಒಲೆ ಅಂತ ತಾನೇ ನಿಮ್ಮ ತಕರಾರು? ನಮ್ಮೊಲೆ ಕೆಂಡ ತಗೊಂಡೋಗಿ ಅಲ್ಲಿಗಾಕಿ. ಬೆಂಕಿ ಒಂದೇ ಆದ್ಮೇಲೆ ಒಲೆ ಒಂದೇ."

ಹಿರಿಯರಲ್ಲಿ ಒಬ್ಬರು ಆಕ್ಷೇಪವೆತ್ತಿದರು. "ಅಂಗಾದ್ರೆ ಬೀದಿಯವ್ರೆಲ್ಲ ನಿಮ್ಮನೆ ಕೆಂಡ ಈಸ್ಕಂಡೋಗ್ತಾರೆ. ಅವ್ರೆಲ್ಲ ನಿಮ್ಮನೆಯೋರಾ?"

"ಅವ್ರು ಕೇಳಿ ಈಸ್ಕಂಡೋಗ್ತಾರೆ. ಮನೆ ಯಜಮಾನ್ರೇ ಒತ್ಕಂಡೋಗಿ ಕೊಟ್ರೆ ಆ ಮಾತೇ ಬ್ಯಾರೆ."

ಈ ಶಾಸ್ತ್ರ ಯಾವ ಗ್ರಂಥದಲ್ಲಿತ್ತೋ ತಿಳಿಯದು. ಬೀಸುವ ಕಲ್ಲಿನ ಮುಂದೆ ಆಗಷ್ಟೇ ಹುಟ್ಟಿತೆಂದು ನನ್ನ ನಂಬಿಕೆ. ಆದರೆ ಹಂಡೆಯ ಸಮಸ್ಯೆಯಿಂದ ಎಲ್ಲರೂ ಬಳಲಿದ್ದರು. ದೊಡ್ಡಪ್ಪ ಮೀಸೆ ತೀಡಿ, "ನಾನೂ ಅದ್ನೇ ಯೋಳವ ಅಂತಿದ್ದೆ" ಎಂದರು.

ಮಾರನೆಯ ದಿನ ಬೆಳಿಗ್ಗೆ ಪೇಟ ಸುತ್ತಿ, ಬೂದಿಯೊಳಗೆ ಕೆಂಡ ಹೂತ ಮಡಕೆಯನ್ನು ಎದೆಗವಚಿಕೊಂಡು ದೊಡ್ಡಪ್ಪ ನನ್ನೊಡನೆ ಹೊರಟರು. ಆಶ್ಚರ್ಯವೆಂದರೆ ಅಂದು ಬಸ್ಸು ಬಂತು. ಕಂಡಕ್ಟರು ಮೂಗರಳಿಸಿದ.

"ಏನ್ ಯಜಮಾನ್ರೇ ಅದು, ಒಗೆ?"

"ನಮ್ಮನೆ ಕಣಪ್ಪ."

"ಮನೇನ ಬಸ್ಸಲ್ಲಿ ತರ್ತಾರಾ? ಇಳೀರಿ. ಬೆಂಕಿಗೆ ಟಿಕೇಟಿಲ್ಲ."

"ನೀ ದಿನಾ ಬೀಡಿ ಸೇದ್ತೀಯಲ್ಲ, ಅದಕ್ಕೆ ಟಿಕೇಟು ತಗೋತೀಯೇನ್ಲಾ?"

ವಾದದಲ್ಲಿ ಸೋತ ಕಂಡಕ್ಟರು ಸಂಧಾನಕ್ಕೆ ಬಂದ. ದೊಡ್ಡಪ್ಪ ಕಿಟಕಿಯ ಪಕ್ಕ ಕೂತು ಮಡಕೆಯನ್ನು ಹೊರಗೆ ಹಿಡಿದುಕೊಳ್ಳತಕ್ಕದ್ದೆಂದು ತೀರ್ಮಾನವಾಯಿತು. ಗಾಳಿಗೆ ಬೂದಿಯೆಲ್ಲ ಹಾರಿ ಹಿಂದಿನ ಸೀಟಿನವರು ವಿಭೂತಿಪುರುಷರಾದರು. ಕೆಂಡ ನಿಗಿನಿಗಿ ಹೊಳೆಯತೊಡಗಿತು. ದಾರಿಯಲ್ಲಿ ಬಸ್ಸು ನಿಂತಲ್ಲೆಲ್ಲ ಯಾರಾದರೊಬ್ಬರು ಬಂದು ಅದರಲ್ಲಿ ಬೀಡಿ ಹಚ್ಚಿಕೊಂಡರು. ಅವರೆಲ್ಲ ಕೇಳಿ ಹಚ್ಚಿಕೊಂಡದ್ದರಿಂದ ಆಸ್ತಿಗೆ ಹಕ್ಕುದಾರರಾಗಲಿಲ್ಲ.

ಪುರಿಯಂಗಡಿಯಾಕೆಯ ಮುಂದೆಯೇ ದೊಡ್ಡಪ್ಪ ಕೋಣೆಗೆ ನುಗ್ಗಿ, ನನ್ನ ಒಲೆಗೆ ಕೆಂಡ ಸುರಿದು, ಊದಿ, ಇದ್ದಲು ಹೊತ್ತಿಸಿ ಕೈಮುಗಿದರು. ಅವ್ವನ ಎಮ್ಮೆ ಅವ್ವನಿಗೆ ಉಳಿಯಿತು, ನನ್ನ ಕೋಣೆ ನನಗೆ ಉಳಿಯಿತು ಎಂದುಕೊಂಡೆ. ಗೆದ್ದವನು ತೀರ್ಪನ್ನು ಪೂರ್ತಿ ಓದುವುದಿಲ್ಲ.

ಒಲೆ ಒಂದೇ ಆದ ಮೇಲೆ ಮನೆಯೂ ಒಂದೇ ತಾನೆ? ಆ ಕೋಣೆ ಕಾನೂನುಬದ್ಧವಾಗಿ ನಮ್ಮ ನಡುಮನೆಯ ಮುಂದುವರಿದ ಭಾಗವಾಗಿತ್ತು. ಮೊದಲು ದೊಡ್ಡಮ್ಮ ಹಲ್ಲುನೋವೆಂದು ಆಸ್ಪತ್ರೆಗೆ ಬಂದು ಇಳಿದುಕೊಂಡರು. ಹಲ್ಲು ಕಿತ್ತ ಮೇಲೂ ನೋವು ವಾರ ಕಾಲ ಪೇಟೆಯಲ್ಲೇ ಇತ್ತು. ಆಮೇಲೆ ಚಿಕ್ಕಪ್ಪನ ಬೀಗರು, ಹೊಸಹೊಳಲಿನ ದೇವಸ್ಥಾನ ನೋಡಲು. ಕಲ್ಲಿನ ಕೆತ್ತನೆ ಇಷ್ಟು ಬೇಗ ನೋಡಿ ಮುಗಿಯುವುದೇ ಎಂದು ಮತ್ತೆ ಬಂದರು. ಸಂತೆಯ ದಿನ ದೊಡ್ಡಪ್ಪ, ತಪ್ಪದೆ. ಬರುವವರು ಯಾರೂ ಬರಲೇ ಎಂದು ಕೇಳುತ್ತಿರಲಿಲ್ಲ. ತಮ್ಮ ಮನೆಗೆ ಬರುವವರು ಯಾಕೆ ಕೇಳಬೇಕು? ಅವ್ವ ಮಾತ್ರ ಬರಲಿಲ್ಲ. ಎಲ್ಲರ ಕೈಯಲ್ಲೂ ನನಗೆ ತುಪ್ಪ ಕಳಿಸುತ್ತಿದ್ದಳು. ಅದನ್ನು ತಂದವರೇ ಉಣ್ಣುತ್ತಿದ್ದರು.

ಕಡೆಗೊಮ್ಮೆ ಪುರಿಯಂಗಡಿಯಾಕೆ ದೊಡ್ಡಪ್ಪನನ್ನು ತಡೆದಳು. "ಅಲ್ರೀ, ನಾನು ಒಬ್ಬರಿಗೆ ಅಂತ ಕೋಣೆ ಕೊಟ್ಟಿದ್ದು."

"ಇರೋದು ಒಬ್ಬನೇ, ತಾಯಿ," ಎಂದರು ದೊಡ್ಡಪ್ಪ ಸಮಾಧಾನವಾಗಿ. "ನಾವೆಲ್ಲ ಬಂದೋಗೋರು."

ಅದೊಂದು ಸಂತೆಯ ಮಧ್ಯಾಹ್ನ ಕಚೇರಿಯಿಂದ ಊಟಕ್ಕೆ ಬಂದೆ. ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಬಡಿದೆ. ಮತ್ತೆ ಬಡಿದೆ. ಒಳಗೆ ಚಾಪೆ ಸರಿದಾಡಿದ ಸದ್ದಾಯಿತು.

"ಯಾವನ್ಲಾ ಅದು?" ದೊಡ್ಡಪ್ಪನ ದನಿ.

"ನಾನು, ದೊಡ್ಡಪ್ಪ."

"ವಸಿ ಒತ್ತು ಬುಟ್ಟು ಬಾರ್ಲಾ. ಊರಲ್ಲಿ ಆ ಮಕ್ಕಳ ಗಲಾಟೇಲಿ ಕಣ್ಮುಚ್ಚಕ್ಕಾಗಕಿಲ್ಲ. ಇಲ್ಲಿ ಒಬ್ನೇ ಇದ್ರೆ ಏನ್ ಸುಖ ಕಣ್ಲಾ, ನಿಂಗೆ ಗೊತ್ತಾಗಕಿಲ್ಲ!"