ರಾಮ್‌ಕಲಿ ಇಟ್ಟ ಒಣ ಕಟ್ಟಿಗೆ

"ಅದನ್ನ ಬರ್ಕೋಬೇಡ ಬೇಟಿ," ಎನ್ನುತ್ತಾ ರಾಮ್‌ಕಲಿ ನನ್ನ ಕೈಯಲ್ಲಿದ್ದ ಪೆನ್ನನ್ನೇ ಹಿಡಿದುಬಿಟ್ಟರು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ದೆಹಲಿಯ ಆರ್.ಕೆ.ಪುರಂ ಪಕ್ಕದ ಜುಗ್ಗಿಯಲ್ಲಿ, ಅಂದರೆ ಗುಡಿಸಲುಗಳ ಕೇರಿಯಲ್ಲಿ, ಅವರ ಮಣ್ಣಿನ ಒಲೆಗೆ ಎಷ್ಟು ಕಟ್ಟಿಗೆ ಬೇಕು, ಕಟ್ಟಿಗೆ ಉಳಿಸುತ್ತದೆಂದು ನಾನು ತಂದುಕೊಟ್ಟ ಹೊಸ ಒಲೆಗೆ ಎಷ್ಟು ಸಾಕು ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ಒಂದು ದಿನ ಹಳೆಯದರಲ್ಲಿ ಅಡುಗೆ, ಮರುದಿನ ಹೊಸದರಲ್ಲಿ. ಅವರು ಆರಿಸಿಟ್ಟ ಕಟ್ಟಿಗೆಯನ್ನು ಬೆಳಿಗ್ಗೆ ತೂಗಿ, ಉಳಿದದ್ದನ್ನು ಸಂಜೆ ತೂಗುತ್ತಿದ್ದೆ. ವಾರದ ಕೊನೆಗೆ ನೋಡಿದರೆ ಹೊಸ ಒಲೆಗೆ ಅರ್ಧದಷ್ಟೇ ಸಾಕಾಗಿತ್ತು! ಖುಷಿಯಿಂದ ಬರೆಯಹೊರಟಾಗಲೇ ಅವರು ತಡೆದದ್ದು.

"ನಿನ್ನ ಒಲೆಗೆ ಒಣಗಿದ್ದು ಇಟ್ಟೆ, ನನ್ನದಕ್ಕೆ ಹಸೀದು. ನಿನ್ನ ಒಲೆ ಸೋತ್ರೆ ನಿನ್ನ ನೌಕರಿ ಹೋಗುತ್ತೇನೋ ಅಂತ ಹೆದರಿದ್ದೆ. ಆದ್ರೆ ಈ ಲೆಕ್ಕ ನಂಬಿ ಅಕ್ಕಪಕ್ಕದವರೂ ಈ ಒಲೆ ಕೊಳ್ತಾರಲ್ಲ..." ಹಿಂದಿಯಲ್ಲಿ ಹೇಳುತ್ತಾ ತಲೆ ತಗ್ಗಿಸಿದರು.

ವಾರದ ಕೆಲಸ ಹಾಳಾಯಿತಲ್ಲ ಎಂದು ಮೊದಲು ಸಿಟ್ಟೇ ಬಂತು. ಆಮೇಲೆ ನಾಚಿಕೆಯಾಯಿತು. ಅಷ್ಟು ದಿನ ನಾನು ತಕ್ಕಡಿಯ ಮುಳ್ಳು ನೋಡಿದ್ದೆನೇ ಹೊರತು ಒಮ್ಮೆಯೂ ಕಟ್ಟಿಗೆ ಮುಟ್ಟಿ ನೋಡಿರಲಿಲ್ಲ. "ಚಲೋ, ನಾಳೆಯಿಂದ ಮತ್ತೆ ಶುರು ಮಾಡೋಣ," ಎಂದು ಅವರೇ ಚಹಾ ಕೊಟ್ಟು ಸಮಾಧಾನ ಮಾಡಿದರು. ಇನ್ನೊಂದು ವಾರ ಎರಡು ಒಲೆಗೂ ಒಂದೇ ರಾಶಿಯ ಕಟ್ಟಿಗೆ ಹಾಕಿದೆವು. ಹೊಸ ಒಲೆಯೇ ಗೆದ್ದಿತು, ಆದರೆ ಸ್ವಲ್ಪದರಲ್ಲಿ. ಆ ಸ್ವಲ್ಪವನ್ನೇ ಬರೆದೆ.

ಆಮೇಲೆ ಎಷ್ಟೋ ಮನೆಗಳಲ್ಲಿ ಕಟ್ಟಿಗೆ ತೂಗಿದ್ದೇನೆ. ಎಲ್ಲೇ ಹೋದರೂ ತಕ್ಕಡಿ ತೆಗೆಯುವ ಮೊದಲು ಹೇಳುವುದು ಒಂದೇ ಮಾತು: "ದೀದಿ, ಯಾವ ಒಲೆ ಸೋತರೂ ನನ್ನ ನೌಕರಿ ಹೋಗೋದಿಲ್ಲ."