ಪ್ರಣಾಲಿಯ ಅವಸರ

ಮಹಾರಾಷ್ಟ್ರದ ಮಗ್ಗಗಳ ಊರು ಇಚಲಕರಂಜಿಯಲ್ಲಿ ಪ್ರಣಾಲಿ ಹನ್ನೊಂದು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾಳೆ. ಬೇರೆಯವರು ಗುಜರಿಗೆ ಹಾಕಿ ಎನ್ನುವ ಯಂತ್ರಗಳಿಗೂ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಓಡಿಸುತ್ತಾಳೆ. ಅಂಥ ಒಂದು ಯಂತ್ರ ತಾತೋಬಾ ಅವರದು. ಪವರ್‌ಲೂಮ್ ಸೀರೆಗಳ ಅಂಚಿಗೆ ಡಿಸೈನ್ ಬರೆಯುವುದು ಅವರ ಕೆಲಸ. ಇಪ್ಪತ್ತು ವರ್ಷ ಬರೆದದ್ದೆಲ್ಲ ಆ ಯಂತ್ರದ ಹಾರ್ಡ್‌ಡಿಸ್ಕಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಒಂದು ಬೆಳಿಗ್ಗೆ ಆ ಯಂತ್ರ ಪದೇ ಪದೇ ನಿಂತು, ಡಿಸ್ಕ್ ಓದಲಾಗುತ್ತಿಲ್ಲ ಎಂಬ ಎರರ್ ತೋರಿಸತೊಡಗಿತು. ತಾತೋಬಾ ಅದನ್ನು ಪ್ರಣಾಲಿಯ ಅಂಗಡಿಗೆ ತಂದರು. ಅವಳು ಕೇಬಲ್ ಬದಲಿಸಿದಳು. ಎರರ್ ಹೋಗಲಿಲ್ಲ. ಡಿಸ್ಕೇ ಕೆಡುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಎಲ್ಲಕ್ಕಿಂತ ಮೊದಲು ಉಳಿದದ್ದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬೇಕಿತ್ತು. ಆದರೆ ಖಾಲಿ ಡಿಸ್ಕ್ ಅಂಗಡಿಯಲ್ಲಿರಲಿಲ್ಲ, ತಾತೋಬಾ ಎದುರಿಗೇ ಕಾಯುತ್ತ ಕುಳಿತಿದ್ದರು. ಅವಳು ನೇರವಾಗಿ ಡಿಸ್ಕ್ ಸರಿಪಡಿಸುವ ಕಮಾಂಡ್ ಕೊಟ್ಟುಬಿಟ್ಟಳು. ಕೆಡುತ್ತಿರುವ ಡಿಸ್ಕಿಗೆ ಅದು ತೀರ ಭಾರದ ಕೆಲಸ. ಡಿಸ್ಕ್ ಅರ್ಧ ಗಂಟೆ ತಿಣುಕಿ, ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು. ಮತ್ತೆ ಯಾವ ಕಂಪ್ಯೂಟರಿಗೂ ಅದು ಕಾಣಿಸಲಿಲ್ಲ.

“ಕಾಕಾ, ತಪ್ಪ ನಂದ ಐತ್ರಿ. ಮೊದಲ ಕಾಪಿ ತಗೀಬೇಕಿತ್ತು, ಅವಸರ ಮಾಡಿದ್ನಿ,” ಎಂದಳು ಪ್ರಣಾಲಿ.

“ಒಂದೂ ಉಳದಿಲ್ಲೇನವಾ?”

“ಇಲ್ರಿ.”

ಹಳೆಯ ಡಿಸ್ಕು, ಹೇಗೂ ಹೋಗುತ್ತಿತ್ತು ಎಂದು ಅವಳು ಹೇಳಬಹುದಿತ್ತು.

ತಾತೋಬಾ ಬಯ್ಯಲಿಲ್ಲ. ಕಾಗದ ಕೇಳಿ, ತಮಗೆ ಬಹಳ ಇಷ್ಟವಾದ ಒಂದು ಅಂಚನ್ನು ಬರೆಯತೊಡಗಿದರು. ಎರಡು ಹೂವು ಮೂಡಿದವು. ಮೂರನೆಯದಕ್ಕೆ ಪೆನ್ನು ನಿಂತಿತು.

“ಮುಂದ ಹೆಂಗಿತ್ತ ಅನ್ನೋದ ನೆನಪಾಗವಲ್ದು,” ಎಂದು ಎದ್ದು ಹೋದರು.

ಆ ಅರ್ಧ ಅಂಚಿನ ಕಾಗದವನ್ನು ಎಸೆಯಲು ಪ್ರಣಾಲಿಗೆ ಇಂದಿಗೂ ಆಗಿಲ್ಲ.