ಮರಳುಗಾಡಿನ ಜಲಾಶಯದಲ್ಲಿ ಅನ್ನ, ಸಾರು

ರಜೆಗೆಂದು ಹೋಗಿ ಅಡುಗೆ ಮಾಡಿ ಬಂದವಳು ನಾನು. ಇದನ್ನು ನಗುನಗುತ್ತಾ ಹೇಳಬೇಕೆಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಮೈ ಉರಿಯತೊಡಗುತ್ತದೆ.

ಆಗ ನಾವು ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರಿನ ವಿದನ್‌ಶಾ ಬಡಾವಣೆಯಲ್ಲಿದ್ದೆವು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಗಂಡ ಹೆಂಡತಿ ಇಬ್ಬರೂ ಡಾಕ್ಟರು: ನನ್ನ ಗಂಡ ಬಡಾವಣೆಯ ಕ್ಲಿನಿಕ್ಕಿನಲ್ಲಿ ಜಿಪಿ, ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವಳು. ಒಂದು ಭಾನುವಾರ ನಮ್ಮ ಪರಿಚಯದ ಹಿರಿಯ ಸರ್ಜನ್ ಒಬ್ಬರ ಮನೆಯಲ್ಲಿ ಊಟ ಮುಗಿಸಿ ಕೂತಿದ್ದಾಗ, ಅವರು ಅಮೆರಿಕದ ಮರಳುಗಾಡಿನ ನಡುವೆ ಇರುವ ಒಂದು ದೊಡ್ಡ ಜಲಾಶಯದ ಮಾತೆತ್ತಿದರು. ಅಲ್ಲಿ ಮನೆಯಂಥದ್ದೇ ದೋಣಿ ಬಾಡಿಗೆಗೆ ಸಿಗುತ್ತದಂತೆ. ಮಲಗುವುದು, ಏಳುವುದು ಎಲ್ಲ ಅದರಲ್ಲೇ.

"ನಾವು ಹಿಂದೊಂದ್ಸಲ ಫ್ರೆಂಡ್ಸ್ ಜೊತೆ ಹೋಗಿದ್ವಿ. ನೋಡ್ಲೇಬೇಕಾದ ಜಾಗ. ಎರಡು ಫ್ಯಾಮಿಲಿ ಸೇರಿದ್ರೆ ಆರಾಮಾಗಿ ಹೋಗ್ಬರಬಹುದು," ಎಂದರು.

ನನಗೆ ಅವತ್ತಿನಿಂದಲೇ ಹುಚ್ಚು ಹಿಡಿಯಿತು. ಲೈಬ್ರರಿಯಿಂದ ಆ ಜಲಾಶಯದ ಪ್ರವಾಸಿ ಪುಸ್ತಕ ತಂದು, ಮತ್ತೆ ಮತ್ತೆ ರಿನ್ಯೂ ಮಾಡಿಸಿಕೊಂಡು ಓದಿದೆ. ಅದರಲ್ಲೊಂದು ಚಿತ್ರವಿತ್ತು. ಜಲಾಶಯದಿಂದ ಒಳಕ್ಕೆ ಹೋಗುವ ಇಕ್ಕಟ್ಟಾದ ಕಣಿವೆ, ಅದರ ಕೊನೆಯಲ್ಲಿ ಗಾಳಿಯೂ ನೀರೂ ಕೊರೆದು ಮಾಡಿದ ಕಲ್ಲಿನ ಕಮಾನು. ಕೆಳಗೆ ನಿಂತ ಮನುಷ್ಯ ಇರುವೆಯಷ್ಟು ಕಾಣುತ್ತಿದ್ದ. ನಾನೂ ಹಾಗೆ ಅದರ ಕೆಳಗೆ ನಿಂತು ತಲೆಯೆತ್ತಿ ನೋಡಬೇಕು ಅನ್ನಿಸಿತು. ನಾನು ದುಡಿಯುವ ಆಪರೇಷನ್ ಥಿಯೇಟರಿಗೆ ಕಿಟಕಿಯೇ ಇಲ್ಲ. ಚಳಿಗಾಲವಿಡೀ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವಳಿಗೆ ಅಷ್ಟೊಂದು ಬಿಸಿಲು, ಅಷ್ಟೊಂದು ಆಕಾಶ! ರಜೆಗಾಗಿ ಬೇರೆಯವರ ಕ್ರಿಸ್‌ಮಸ್ ಡ್ಯೂಟಿಯನ್ನೂ ತಲೆಮೇಲೆ ಹಾಕಿಕೊಂಡೆ. ಡ್ಯೂಟಿ ಪಟ್ಟಿಯ ರೋಟಾ ಬರೆಯುವವಳು ಕೊನೆಗೂ ಒಪ್ಪಿದಳು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಸರ್ಜನ್ ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಹೊರಡುವ ಹಿಂದಿನ ವಾರ ಅವರು ಒಂದು ದೊಡ್ಡ ಸೂಟ್‌ಕೇಸ್ ತೆರೆದಿಟ್ಟುಕೊಂಡು ಕೂತಿದ್ದರು. ಅದರೊಳಗೆ ಪ್ರೆಷರ್ ಕುಕ್ಕರ್, ಕುಕ್ಕರಿನೊಳಗೆ ಸಾರಿನಪುಡಿ, ಚಟ್ನಿಪುಡಿ, ಸುತ್ತ ಅಕ್ಕಿ, ಬೇಳೆ, ಹಪ್ಪಳ.

"ಅಕ್ಕ, ಅಲ್ಲಿ ಬ್ರೆಡ್ಡು, ಹಣ್ಣು ಸಿಗಲ್ವಾ?" ಎಂದೆ.

"ಗಂಡಸರಿಗೆ ಬಿಸಿ ಅನ್ನ ಇಲ್ದಿದ್ರೆ ಆಗಲ್ಲ ಕಣೇ," ಎಂದರು.

ಆಹಾ! ವಾರವೆಲ್ಲ ತಣ್ಣನೆ ಸ್ಯಾಂಡ್‌ವಿಚ್ ತಿಂದುಕೊಂಡು ಗುಂಡುಕಲ್ಲಿನ ಹಾಗೆ ಇರುವ ಗಂಡಸರು ನೀರಿನ ಮೇಲೆ ಕಾಲಿಟ್ಟೊಡನೆ ಸಾರಿಲ್ಲದೆ ಸತ್ತೇಹೋಗುತ್ತಾರೆ!

ಜಲಾಶಯ ಮಾತ್ರ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಕೆಂಪು ಬಂಡೆಗಳು ನೆಟ್ಟಗೆ ನೀರಿಗೆ ಇಳಿದಿದ್ದವು. ಹಿಂದೆ ನೀರು ಎಲ್ಲಿಯವರೆಗೆ ಇತ್ತು ಎನ್ನುವುದಕ್ಕೆ ಬಂಡೆಯುದ್ದಕ್ಕೂ ಬಿಳೀ ಪಟ್ಟೆ. ನಮ್ಮ ದೊಡ್ಡ ದೋಣಿಯನ್ನು ಒಂದು ಮರಳಿನ ದಂಡೆಗೆ ಕಟ್ಟಿದೆವು. ಕಣಿವೆಗಳೊಳಗೆ ನುಗ್ಗಲು ಬೇರೆ ಚಿಕ್ಕ ಮೋಟಾರು ದೋಣಿಯಿತ್ತು, ಐದು ಜನಕ್ಕೆ ಮಾತ್ರ. ನಾವು ಏಳು ಜನ: ನಾವು ನಾಲ್ವರು ದೊಡ್ಡವರು, ಹದಿಮೂರು ವರ್ಷದ ನನ್ನ ಮಗಳು, ಕಾಲೇಜು ಓದುವ ಅವರ ಇಬ್ಬರು ಗಂಡುಮಕ್ಕಳು. ಲೆಕ್ಕ ಯಾರೂ ಹಾಕಲಿಲ್ಲ, ತಾನೇ ಆಗಿಹೋಯಿತು. ಬೆಳಿಗ್ಗೆ ಉಪ್ಪಿಟ್ಟು ತಿಂದ ಗಂಡಸರು ಮಕ್ಕಳನ್ನು ಕರೆದುಕೊಂಡು ಕಮಾನು ನೋಡಲು ಹೊರಟೇಬಿಟ್ಟರು.

"ನೋಡಮ್ಮ, ನಿಮ್ದು ಮಧ್ಯಾಹ್ನದ ಟ್ರಿಪ್. ಬರೋ ಹೊತ್ಗೆ ಊಟ ರೆಡಿ ಇದ್ರೆ ತಕ್ಷಣ ಹೊರಡ್ಬಹುದು," ಎಂದರು ಸರ್ಜನ್.

ಊಟ ರೆಡಿಯಿತ್ತು. ಬಂದರು, ಉಂಡರು, "ಅಬ್ಬಾ, ಏನು ಕಮಾನು!" ಎಂದರು, ಕಾಲು ಚಾಚಿ ಮಲಗಿದರು. ಎದ್ದಾಗ ಗಾಳಿ ಬೀಸತೊಡಗಿತ್ತು. ಮರಳುಗಾಡಿನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರು, ಚಿಕ್ಕ ದೋಣಿ ಬಿಡಬಾರದು ಎಂದು ಪುಸ್ತಕದಲ್ಲಿ ಓದಿ ಹೇಳಿದವಳು ನಾನೇ. ಹೇಳಿದಾಗ ಕೇಳಿದವರು ಯಾರು?

ಮರುದಿನ ಬೆಳಿಗ್ಗೆ ಮೀನು ಹಿಡಿಯುವ ಕಾರ್ಯಕ್ರಮ. ಯಾರೂ ಮೀನು ತಿನ್ನುವವರಲ್ಲ, ಹಿಡಿದು ಬಿಡುವುದಕ್ಕಂತೆ! ಅದಾದ ಮೇಲೆ ಹುಡುಗರು ಚಿಕ್ಕ ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ ಶುರು ಮಾಡಿದರು. ನಾನು ದೊಡ್ಡ ದೋಣಿಯೊಳಗೆ ಗ್ಯಾಸ್ ಒಲೆಯ ಮುಂದೆ ಬೆವರಿನಲ್ಲಿ ನೆನೆದು ಕುಕ್ಕರ್ ಇಟ್ಟಿದ್ದೆ. ಅದು ಕೂಗಿದ್ದೇ ತಡ, ಎದುರಿನ ಬಂಡೆ ಕೂಗಿತು, ಪಕ್ಕದ ಬಂಡೆ ಕೂಗಿತು, ಇಡೀ ಕಣಿವೆ ಕೂಗಿತು. ಆಚೆ ದಂಡೆಯಲ್ಲಿ ದೋಣಿ ಕಟ್ಟಿದ್ದ ಬಿಳಿಯ ಮುದುಕ, ಮುದುಕಿ ಗಾಬರಿಯಿಂದ ತಮ್ಮ ಚಿಕ್ಕ ದೋಣಿಯಲ್ಲಿ ನಮ್ಮ ಕಡೆ ಧಾವಿಸಿ ಬಂದರು. ಯಾರೋ ಅಪಾಯದಲ್ಲಿದ್ದಾರೆ, ಸೀಟಿ ಊದಿ ಕರೆಯುತ್ತಿದ್ದಾರೆ ಅಂದುಕೊಂಡಿದ್ದರು ಪಾಪ. ನಿಮಗೆ ಸಹಾಯ ಬೇಕೇ ಎಂದು ಇಂಗ್ಲಿಷಿನಲ್ಲಿ ಕೂಗಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ದೋಣಿಯ ಮಾಳಿಗೆಯ ಮೇಲಿನಿಂದ ನಗುತ್ತಾ, ಏನಿಲ್ಲ, ಲಂಚ್ ರೆಡಿಯಾಗುತ್ತಿದೆ ಎಂದು ಕೈಬೀಸಿದರು. ಅವರು ಹೊರಟುಹೋದರು. ನನಗೆ ಸೌಟು ತೆಗೆದು ಎಸೆಯುವಷ್ಟು ಸಿಟ್ಟು ಬಂದಿತ್ತು.

ಕೊನೆಯ ದಿನ ನಸುಕಿಗೇ ಎದ್ದು, ಬೂಟು ಹಾಕಿ, ಟೋಪಿ ಹಾಕಿ ಚಿಕ್ಕ ದೋಣಿಯಲ್ಲಿ ಹೋಗಿ ಕೂತೆ. "ನನ್ನನ್ನೂ ಅಕ್ಕನನ್ನೂ ಕರ್ಕೊಂಡು ಹೋಗಿ. ಇವತ್ತು ಯಾರಿಗೂ ತಿಂಡಿ ಇಲ್ಲ," ಎಂದೆ.

ಸರ್ಜನ್ ಟ್ಯಾಂಕು ನೋಡಿ ತಲೆ ಕೆರೆದುಕೊಂಡರು. ನಿನ್ನೆಯ ಜಾರಾಟದಲ್ಲಿ ಪೆಟ್ರೋಲು ಖಾಲಿಯಾಗುತ್ತ ಬಂದಿತ್ತು. ಉಳಿದದ್ದು ಅಷ್ಟು ದೂರ ಹೋಗಿಬರಲು ಸಾಲದು, ದೊಡ್ಡ ದೋಣಿಯನ್ನು ಅವತ್ತೇ ಒಪ್ಪಿಸಬೇಕು.

"ಹೋಗ್ಲಿ ಬಿಡೇ," ಎಂದರು ನನ್ನ ಗಂಡ. "ಕಲ್ಲು ಎಲ್ಲಿಗೂ ಓಡಿ ಹೋಗಲ್ಲ. ಇನ್ನೊಂದ್ಸಲ ಬಂದ್ರಾಯ್ತು."

"ನನ್ನ ಕ್ರಿಸ್‌ಮಸ್ ಓಡಿಹೋಯ್ತಲ್ರೀ!" ಎಂದು ಕಿರುಚಿದೆ. ಅಕ್ಕ ಮಾತ್ರ ತೆಪ್ಪಗೆ ಒಳಗೆ ಹೋಗಿ ಅವಲಕ್ಕಿ ನೆನೆಸಿದರು. ಆಗ ಅವರ ಮೇಲೂ ನನಗೆ ಕೋಪ ಬಂತು. ಇಂಥವರು ಸುಮ್ಮನಿರುವುದರಿಂದಲೇ ಇವರೆಲ್ಲ ಹೀಗೆ ಮೆರೆಯುವುದು ಅನ್ನಿಸಿತು.

ಮ್ಯಾಂಚೆಸ್ಟರಿಗೆ ಬಂದ ಮೇಲೆ ದೀಪಾವಳಿಗೆ ನಮ್ಮ ಕನ್ನಡದವರೆಲ್ಲ ಬಾಡಿಗೆಯ ಚರ್ಚ್ ಹಾಲೊಂದರಲ್ಲಿ ಸೇರಿದೆವು. ಹಾಡು, ಡ್ಯಾನ್ಸು ಮುಗಿದ ಮೇಲೆ ನನ್ನ ಗಂಡ ಲ್ಯಾಪ್‌ಟಾಪ್ ಹಚ್ಚಿ, ಪರದೆಯ ಮೇಲೆ ನಮ್ಮ ಪ್ರವಾಸದ ಫೋಟೋ ತೋರಿಸತೊಡಗಿದರು. ದೋಣಿ, ನೀರು, ಹಗ್ಗ ಹಿಡಿದ ಹುಡುಗರು. ಆಮೇಲೆ ಗೋಡೆಯಗಲ ಆ ಕಮಾನು.

"ಇಲ್ಲಿ ನಿಂತಾಗ ನಮಗೆಲ್ಲ ಮಾತೇ ಹೊರಡಲಿಲ್ಲ," ಎಂದರು.

ಮುಂದೆ ಕೂತಿದ್ದ ಲೀಡ್ಸಿನ ಹೆಂಗಸೊಬ್ಬರು ನನ್ನ ಕಡೆ ತಿರುಗಿ, "ನಿಮಗೆ ಹೇಗನ್ನಿಸ್ತು ಮೇಡಂ?" ಎಂದರು. ನಾನು ಉತ್ತರಿಸುವ ಮೊದಲೇ ನನ್ನ ಮಗಳು, "ಮಮ್ ವಾಸ್ ಕುಕಿಂಗ್," ಎಂದಳು. ಹಾಲ್ ಘೊಳ್ಳೆಂದಿತು. ನನ್ನ ಗಂಡನೂ ನಕ್ಕರು.

ಕಿವಿಯೆಲ್ಲ ಬಿಸಿಯಾಗಿ ಕೂತಿದ್ದೆ. ಪಕ್ಕದಲ್ಲಿದ್ದ ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ, "ಅಷ್ಟೊಂದು ದೊಡ್ಡದಾಗಿದ್ಯೇನೇ ಅದು?" ಎಂದರು.

"ನೀವು ಮೊದಲನೇ ಸಲ ಹೋದಾಗ ನೋಡಿದ್ರಲ್ಲ ಅಕ್ಕ?"

"ಎಲ್ಲಿ ನೋಡ್ದೆ? ಅವತ್ತೂ ಇವರೆಲ್ಲ ಹೋಗಿದ್ರು. ನಾನು ಅನ್ನಕ್ಕಿಟ್ಟಿದ್ದೆ."

ಅಷ್ಟರಲ್ಲಿ ನನ್ನ ಗಂಡ ಮುಂದಿನ ಫೋಟೋಗೆ ಕೈ ಹಾಕಿದ್ದರು.

"ರೀ, ತೆಗೀಬೇಡಿ ಅದನ್ನ!" ಎಂದು ಎದ್ದು ನಿಂತೆ.

"ಊಟಕ್ಕೆ ಹೊತ್ತಾಯ್ತು ಕಣೇ. ಬಿಸಿಬೇಳೆಬಾತ್ ಆರ್ತಿದೆ. ನೀವಿಬ್ರೂ ಬಡಿಸೋಕೆ ಶುರು ಮಾಡಿ," ಎಂದರು ನನ್ನ ಗಂಡ.

"ಆರಲಿ. ಬೇಕಾದವರು ಬಡಿಸ್ಕೊಂಡು ತಿನ್ನಲಿ," ಎಂದೆ. ಅಕ್ಕನ ಕೈ ಹಿಡಿದು ಎಬ್ಬಿಸಿ, ಕುರ್ಚಿಗಳ ನಡುವಿನಿಂದ ಮುಂದಕ್ಕೆ ಕರೆದುಕೊಂಡು ಹೋದೆ. ಅವರು ಪರದೆಯ ಹತ್ತಿರ ಹೋಗಿ ತಲೆಯೆತ್ತಿ ನೋಡುತ್ತಾ ನಿಂತರು.

"ಅಡ್ಡ ನಿಂತಿದೀಯ, ಸ್ವಲ್ಪ ಆಚೆ ಸರಿ," ಎಂದರು ಸರ್ಜನ್.

ಅಕ್ಕ ಸರಿಯಲಿಲ್ಲ.